ಬೋರ್ ನೀರಿನ ಮನೆಗೆ ಫ್ರಂಟ್ ಲೋಡ್ ಒಳ್ಳೆಯದೋ, ಟಾಪ್ ಲೋಡ್ ಒಳ್ಳೆಯದೋ?

ಸೇಡಂ ರಸ್ತೆ ನಿವಾಸಿ, ಕಲಬುರಗಿ

ಎಲ್ಲರಿಗೂ ಶರಣಾರ್ಥಿ. ನಮ್ಮ ಮನೆಯ ಹಳೆಯ ಸೆಮಿ ಆಟೋಮ್ಯಾಟಿಕ್ ವಾಷಿಂಗ್ ಮಷಿನ್ನಿನ ಮೋಟಾರು ಸುಟ್ಟುಹೋಗಿದೆ. ರಿಪೇರಿಯ ಖರ್ಚು ನೋಡಿದ ಮೇಲೆ ಹೊಸದನ್ನೇ ಕೊಳ್ಳುವುದು ಲೇಸೆಂದು ಮನೆಯಲ್ಲಿ ತೀರ್ಮಾನವಾಯಿತು. ಸೂಪರ್ ಮಾರ್ಕೆಟ್ ಕಡೆಯ ಅಂಗಡಿಗಳಲ್ಲಿ ವಿಚಾರಿಸಿದರೆ ಎಲ್ಲರೂ ಫ್ರಂಟ್ ಲೋಡ್ ತೋರಿಸುತ್ತಾರೆ, ಓಣಿಯಲ್ಲಿ ಯಾರನ್ನು ಕೇಳಿದರೂ ಟಾಪ್ ಲೋಡ್ ಬಿಟ್ಟು ಬೇರೆ ಬೇಡ ಎನ್ನುತ್ತಾರೆ. ಎರಡೂ ಕಡೆಯವರು ಹೇಳುವ ಕಾರಣಗಳಲ್ಲಿ ನೀರಿನ ಮಾತೇ ಬರುವುದಿಲ್ಲ, ನನಗೆ ಇರುವ ಚಿಂತೆ ಅದೊಂದೇ.

ನಮ್ಮಲ್ಲಿ ನಳದ ನೀರು ಕೆಲವು ದಿನಗಳಿಗೊಮ್ಮೆ ಬರುತ್ತದೆ, ಅದನ್ನು ಕುಡಿಯಲು ಮತ್ತು ಅಡುಗೆಗೆ ತುಂಬಿಟ್ಟುಕೊಳ್ಳುತ್ತೇವೆ. ಬಟ್ಟೆ, ಪಾತ್ರೆ, ಸ್ನಾನ ಎಲ್ಲದಕ್ಕೂ ಮಾಳಿಗೆ ಮೇಲಿನ ಟಾಕಿಗೆ ಏರಿಸಿದ ಬೋರ್ ನೀರೇ ಗತಿ. ಆ ನೀರು ಸವಳು. ಸ್ನಾನಗೃಹದ ಗೀಸರ್ ಬಿಚ್ಚಿಸಿದಾಗ ಒಳಗಿನ ಕಾಯಿಲಿನ ಮೇಲೆ ಬಿಳಿಯ ಗಾರೆಯಂತೆ ಪದರ ಕಟ್ಟಿದ್ದನ್ನು ಕಣ್ಣಾರೆ ನೋಡಿದ್ದೇವೆ. ಮಷಿನ್ ಇಡುವ ಜಾಗ ಮೊದಲ ಮಹಡಿಯ ಹಿಂಭಾಗದಲ್ಲಿದೆ, ಟಾಕಿ ಅದರ ನೇರ ಮೇಲೆಯೇ ಇದೆ. ಮನೆಯಲ್ಲಿ ನಾವಿಬ್ಬರು, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಅತ್ತೆ ಮತ್ತು ಮಾವ ಇದ್ದೇವೆ. ಮಕ್ಕಳ ಬಿಳಿ ಸಮವಸ್ತ್ರ, ಹತ್ತಿ ಸೀರೆ, ಮಾವನವರ ಧೋತರ, ಚಾದರ, ಚಳಿಗಾಲದಲ್ಲಿ ಒಂದೆರಡು ಕೌದಿ, ಇಷ್ಟು ನಮ್ಮ ಬಟ್ಟೆಯ ಬಾಬತ್ತು. ಹಗಲು ಹೊತ್ತು ಮಷಿನ್ ನಡೆಸುವವರು ಹೆಚ್ಚಾಗಿ ಅತ್ತೆಯವರೇ, ಅವರಿಗೆ ಮೊಣಕಾಲು ನೋವಿದೆ. ಮೂವತ್ತು ಸಾವಿರದೊಳಗೆ ಯಾವುದು ಸರಿ ಎಂದು, ಇಂಥ ನೀರಿನಲ್ಲಿ ಬಳಸಿದ ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಬೀದರ್ ಓದುಗ

ಅಕ್ಕನವರೇ, ನಮ್ಮ ಮನೆಯಲ್ಲಿರುವುದು ಫ್ರಂಟ್ ಲೋಡ್, ನಾನು ಅದರ ಪರವಾಗಿಯೇ ಹೇಳುತ್ತೇನೆ. ಟಾಪ್ ಲೋಡಿನಲ್ಲಿ ಡ್ರಮ್ ನಿಂತಿರುವುದರಿಂದ ಬಟ್ಟೆ ಪೂರ್ತಿ ಮುಳುಗುವಷ್ಟು ನೀರು ತುಂಬಲೇಬೇಕು, ಕೆಳಗಿನ ತಟ್ಟೆ ತಿರುಗಿದಾಗ ಬಟ್ಟೆಗೆ ಬಟ್ಟೆ ಉಜ್ಜಿ ಕೊಳೆ ಬಿಡುತ್ತದೆ. ಫ್ರಂಟ್ ಲೋಡಿನಲ್ಲಿ ಡ್ರಮ್ ಮಲಗಿರುವುದರಿಂದ ತಳದಲ್ಲಿ ಸ್ವಲ್ಪ ನೀರಿದ್ದರೆ ಸಾಕು, ಡ್ರಮ್ಮಿನ ಒಳಗಿನ ಏಣುಗಳು ಬಟ್ಟೆಯನ್ನು ಮೇಲಕ್ಕೆತ್ತಿ ಆ ಸಾಬೂನು ನೀರಿಗೆ ಮತ್ತೆ ಮತ್ತೆ ಬೀಳಿಸುತ್ತವೆ. ಹಳ್ಳದ ಬಂಡೆಗೆ ಬಟ್ಟೆ ಎತ್ತಿ ಬಡಿದು ಒಗೆಯುವ ಕ್ರಮವನ್ನೇ ಇದು ಮೆಲ್ಲಗೆ ಮಾಡುತ್ತದೆ ಎನ್ನಬಹುದು. ಆದ್ದರಿಂದ ಬಟ್ಟೆ ಕಡಿಮೆ ಸವೆಯುತ್ತದೆ, ಸೀರೆಯ ಸೆರಗು ಒಂದಕ್ಕೊಂದು ಸುತ್ತಿ ಗಂಟಾಗುವುದೂ ಕಡಿಮೆ. ಏಳು ಕಿಲೋ ಮಷಿನ್ ಒಂದು ಸಲ ಒಗೆದು ಜಾಲಿಸಲು ಸುಮಾರು 50ರಿಂದ 60 ಲೀಟರ್ ನೀರು ತೆಗೆದುಕೊಂಡರೆ, ಅದೇ ಅಳತೆಯ ಟಾಪ್ ಲೋಡಿಗೆ 100 ಲೀಟರಿನ ಮೇಲೆಯೇ ಬೇಕಾಗುತ್ತದೆ. ಬೇಸಿಗೆಯಲ್ಲಿ ಬೋರ್ ಬತ್ತುವ ಊರಿನವರು ಈ ಒಂದು ಲೆಕ್ಕವನ್ನು ಮರೆಯಬಾರದು.

ನಿಮ್ಮ ನೀರಿನ ಬಗ್ಗೆ ನಾನು ಖಚಿತವಾಗಿ ಹೇಳಲಾರೆ, ಏಕೆಂದರೆ ನಮ್ಮ ಬಡಾವಣೆಗೆ ಬರುವುದು ಕಾರಂಜಾ ಜಲಾಶಯದ ನೀರು.

ಮಷಿನ್ ದುರಸ್ತಿಗಾರ, ಕಲಬುರಗಿ

ನಾನು ಎರಡೂ ಬಗೆಯ ಮಷಿನ್ ಬಿಚ್ಚುವವನು, ಯಾವ ಕಂಪನಿಯವನೂ ಅಲ್ಲ. ಆದ್ದರಿಂದ ಒಳಗೆ ಏನಾಗುತ್ತದೆ ಎಂಬುದನ್ನಷ್ಟೇ ಹೇಳುತ್ತೇನೆ.

ಫ್ರಂಟ್ ಲೋಡಿನಲ್ಲಿ ಹೊರಡಬ್ಬಿಯ ತಳಕ್ಕೆ ನೀರು ಕಾಯಿಸುವ ಹೀಟರ್ ಇರುತ್ತದೆ. ಸವಳು ನೀರಿನ ಮನೆಗಳಲ್ಲಿ ಮೊದಲು ಕೆಡುವುದು ಇದೇ. ಬಿಳಿ ಪದರ ದಪ್ಪವಾದಂತೆ ಹೀಟರಿನ ಬಿಸಿ ನೀರಿಗೆ ಇಳಿಯದೆ ಅದರ ಒಳಗೇ ಉಳಿಯುತ್ತದೆ, ಕೊನೆಗೆ ಅದು ಸುಟ್ಟು ಕೆಲವೊಮ್ಮೆ ಕರೆಂಟನ್ನು ನೀರಿಗೆ ಬಿಡುತ್ತದೆ. ಅರ್ಥಿಂಗ್ ಸರಿಯಿಲ್ಲದ ಮನೆಯಲ್ಲಿ ಇದು ಜೀವಕ್ಕೆ ಅಪಾಯ. ಇದರ ನಂತರ ಬಾಗಿಲಿನ ರಬ್ಬರ್ ಬರುತ್ತದೆ. ಅದರ ಮಡಿಕೆಯಲ್ಲಿ ನೀರು, ಕೂದಲು, ನೂಲಿನ ಧೂಳು ನಿಂತು ಕಪ್ಪು ಬೂಷ್ಟು ಹಿಡಿಯುತ್ತದೆ, ಒಗೆದ ಬಟ್ಟೆ ಮುಗ್ಗಲು ವಾಸನೆ ಹೊಡೆಯುವುದು ಇಲ್ಲಿಂದಲೇ. ಮೂರನೆಯದು ಬೇರಿಂಗ್ ಮತ್ತು ಡ್ರಮ್ಮಿನ ಹಿಂದೆ ಅದನ್ನು ಹೊತ್ತು ನಿಂತಿರುವ ಮೂರು ಕೈಗಳ ಅಲ್ಯೂಮಿನಿಯಂ ಆಸರೆ. ಸಾಬೂನಿನ ಪಸೆ ಅಲ್ಲಿ ನಿಂತು ನಿಂತು ಲೋಹವನ್ನು ತಿನ್ನುತ್ತದೆ. ಕೆಲವು ಮಾದರಿಗಳಲ್ಲಿ ಹೊರಡಬ್ಬಿಯ ಎರಡು ಭಾಗಗಳನ್ನು ಬೆಸೆದೇ ಬಿಟ್ಟಿರುತ್ತಾರೆ. ಅಂಥದರಲ್ಲಿ ಬೇರಿಂಗ್ ಒಂದನ್ನೇ ಬದಲಿಸಲು ಬರುವುದಿಲ್ಲ, ಇಡೀ ಡಬ್ಬಿ ಬದಲಾಗಬೇಕು, ಅದರ ಬೆಲೆ ಕೇಳಿದವರು ಮಷಿನ್ನನ್ನೇ ಗುಜರಿಗೆ ಹಾಕುತ್ತಾರೆ. ಕೊಳ್ಳುವ ಮುಂಚೆ ಅಂಗಡಿಯವರಿಗೆ ಕೇಳಬೇಕಾದ ಪ್ರಶ್ನೆಗಳಲ್ಲಿ ಇದು ಒಂದು, ಯಾರೂ ಕೇಳುವುದಿಲ್ಲ.

ಹಾಗೆಂದು ಟಾಪ್ ಲೋಡಿಗೆ ಸವಳು ನೀರಿನಿಂದ ಏನೂ ಆಗುವುದಿಲ್ಲ ಎಂದು ತಿಳಿಯಬೇಡಿ. ಒಳಡ್ರಮ್ಮಿಗೂ ಹೊರಡಬ್ಬಿಗೂ ನಡುವೆ, ಕಣ್ಣಿಗೆ ಕಾಣದ ಜಾಗದಲ್ಲಿ, ಸಾಬೂನಿನ ಜಿಡ್ಡು ಮತ್ತು ಸುಣ್ಣ ಸೇರಿ ಕೆನೆಯಂತೆ ಪದರಗಟ್ಟಿರುತ್ತದೆ. ಕಪ್ಪು ಬಟ್ಟೆಯ ಮೇಲೆ ಬೂದಿಬಣ್ಣದ ಚೂರುಗಳು ಅಂಟಿ ಬರುವುದು ಆ ಪದರ ಕಿತ್ತುಬಂದಾಗ. ನೀರು ಹೊರಬಿಡುವ ವಾಲ್ವು, ಕ್ಲಚ್ಚು, ತೂಗುಕಡ್ಡಿಗಳು ಕಾಲಕ್ಕೆ ತಕ್ಕಂತೆ ಸವೆಯುತ್ತವೆ. ಆದರೆ ಇವುಗಳ ದುರಸ್ತಿ ಸುಲಭ, ಬಿಡಿಭಾಗ ನಮ್ಮ ಊರಿನಲ್ಲೇ ಸಿಗುತ್ತದೆ, ಬಹಳ ಮಾದರಿಗಳಲ್ಲಿ ಹೀಟರ್ ಇರುವುದೇ ಇಲ್ಲ. ಫ್ರಂಟ್ ಲೋಡಿನ ಕೆಲವು ಭಾಗಗಳು ಹೈದರಾಬಾದಿನಿಂದಲೋ ಬೆಂಗಳೂರಿನಿಂದಲೋ ಬರುವ ತನಕ ಮನೆಯವರು ಕೈಯಿಂದ ಒಗೆಯುತ್ತಾ ಕಾಯಬೇಕಾಗುತ್ತದೆ.

ರಸಾಯನಶಾಸ್ತ್ರ ಉಪನ್ಯಾಸಕಿ, ಯಾದಗಿರಿ

ದುರಸ್ತಿಗಾರ ಅಣ್ಣನವರು ಹೇಳಿದ್ದೆಲ್ಲ ಸರಿಯಾದದ್ದೇ, ಆದರೆ ಅದರಿಂದ ಸವಳು ನೀರಿಗೆ ಫ್ರಂಟ್ ಲೋಡ್ ಕೂಡದು ಎಂಬ ತೀರ್ಮಾನಕ್ಕೆ ಬರುವುದು ಅವಸರವಾಗುತ್ತದೆ. ನೀರಿನ ಗಡಸುತನ ಎರಡು ಬೇರೆ ಬೇರೆ ತೊಂದರೆಗಳನ್ನು ಕೊಡುತ್ತದೆ. ಒಂದು ಬಟ್ಟೆಗೆ, ಇನ್ನೊಂದು ಮಷಿನ್ನಿಗೆ. ಇವೆರಡನ್ನು ಬೇರೆ ಮಾಡಿ ನೋಡಬೇಕು.

ಮೊದಲು ಬಟ್ಟೆಯ ವಿಚಾರ. ನೀರಿನಲ್ಲಿ ಕರಗಿದ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳೇ ಗಡಸುತನ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಲೀಟರಿಗೆ 200 ಮಿಲಿಗ್ರಾಂ ಒಪ್ಪಬಹುದಾದ ಮಿತಿ, ಬೇರೆ ನೀರು ಸಿಗದಿದ್ದಲ್ಲಿ 600ರವರೆಗೆ ಅನುಮತಿ. ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಭಾಗದ ನೆಲವೆಲ್ಲ ಸುಣ್ಣಕಲ್ಲು, ಅಲ್ಲಿ ಸಿಮೆಂಟ್ ಕಾರ್ಖಾನೆಗಳು ಬಂದದ್ದೂ ಅದಕ್ಕೇ. ಅಂಥ ಕಲ್ಲಿನ ಸಂದಿಯಲ್ಲಿ ನಿಂತ ನೀರು ಗಡಸಾಗಿರುವುದು ಸಹಜ. ನಿಮ್ಮ ನೀರು ಲೀಟರಿಗೆ 500 ಮಿಲಿಗ್ರಾಂ ಇದೆಯೆಂದು ಇಟ್ಟುಕೊಳ್ಳೋಣ. ಟಾಪ್ ಲೋಡ್ 130 ಲೀಟರ್ ಬಳಸಿದರೆ ಆ ಒಂದು ಒಗೆತದಲ್ಲಿ ನಿಮ್ಮ ಬಟ್ಟೆಯ ಮೂಲಕ 65 ಗ್ರಾಂ ಗಡಸು ಲವಣ ಹಾದುಹೋಗುತ್ತದೆ. ಫ್ರಂಟ್ ಲೋಡಿನ 55 ಲೀಟರಿನಲ್ಲಿ ಅದು 27.5 ಗ್ರಾಂ ಮಾತ್ರ. ಸಾಬೂನು ಪುಡಿಯ ಒಂದು ಪಾಲು ಕೊಳೆಯ ಹತ್ತಿರ ಹೋಗುವ ಮೊದಲೇ ಈ ಲವಣಗಳನ್ನು ಕಟ್ಟಿಹಾಕುವುದರಲ್ಲಿ ಮುಗಿದುಹೋಗುತ್ತದೆ. ಬಿಳಿ ಅಂಗಿ ಕ್ರಮೇಣ ಬೂದಿಬಣ್ಣಕ್ಕೆ ತಿರುಗುವುದು, ಟವೆಲ್ ರಟ್ಟಿನಂತೆ ಬಿರುಸಾಗುವುದು ಪುಡಿ ಸಾಲದಾದಾಗ. ಹೀಗೆ ನೋಡಿದರೆ ಗಡಸು ನೀರಿನ ಊರಿಗೆ ಕಡಿಮೆ ನೀರು ಬಳಸುವ ಮಷಿನ್ನೇ ಹಿತ, ಏಕೆಂದರೆ ಅದೇ ಪ್ರಮಾಣದ ಪುಡಿ ಅಲ್ಲಿ ಹೆಚ್ಚು ಕೆಲಸ ಮಾಡುತ್ತದೆ.

ಈಗ ಮಷಿನ್ನಿನ ವಿಚಾರ. ಹೀಟರ್ ಮೇಲೆ ಕೂರುವ ಪದರ ಬರುವುದು ಬೈಕಾರ್ಬೋನೇಟ್ ರೂಪದ ಗಡಸುತನದಿಂದ. ನೀರು ಕಾದಾಗ ಅದು ಒಡೆದು ಕ್ಯಾಲ್ಸಿಯಂ ಕಾರ್ಬೋನೇಟಾಗಿ ಬೀಳುತ್ತದೆ, ನೀರು ಹೆಚ್ಚು ಕಾದಷ್ಟೂ ಹೆಚ್ಚು ಬೀಳುತ್ತದೆ. ತಣ್ಣೀರಿನಲ್ಲೇ ಒಗೆದರೆ ಹೀಟರ್ ಕಾಯುವುದಿಲ್ಲ, ಪದರವೂ ಹಾಗೆ ಕಟ್ಟುವುದಿಲ್ಲ. ನಮ್ಮ ಭಾಗದಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ದಾಟುವಾಗ ಮಾಳಿಗೆ ಟಾಕಿಯ ನೀರು ಮಧ್ಯಾಹ್ನಕ್ಕೆ ಕೈಗೆ ಬಿಸಿ ತಾಗುವಷ್ಟು ಕಾದಿರುತ್ತದೆ. ಅದನ್ನು ಮತ್ತೆ ಹೀಟರಿನಿಂದ ಕಾಯಿಸುವ ಅಗತ್ಯವೇ ಇಲ್ಲ. ಹೀಟರ್ ಇದೆ ಎಂದ ಮಾತ್ರಕ್ಕೆ ದಿನವೂ 60 ಡಿಗ್ರಿಗೆ ತಿರುಗಿಸುವುದನ್ನು ಬಿಟ್ಟರೆ ಫ್ರಂಟ್ ಲೋಡಿನ ಅರ್ಧ ತೊಂದರೆ ತಾನಾಗಿ ಇಳಿಯುತ್ತದೆ.

ಪದರ ಕಟ್ಟಿದ್ದರೆ ನಿಂಬೆ ಉಪ್ಪು ಎಂದು ಕಿರಾಣಿ ಅಂಗಡಿಯಲ್ಲಿ ಸಿಗುವ ಸಿಟ್ರಿಕ್ ಆಮ್ಲ ಅದನ್ನು ಕರಗಿಸುತ್ತದೆ. ಲೆಕ್ಕದ ಪ್ರಕಾರ 100 ಗ್ರಾಂ ಆಮ್ಲಕ್ಕೆ ಹೆಚ್ಚೆಂದರೆ 78 ಗ್ರಾಂ ಕಾರ್ಬೋನೇಟ್ ಕರಗಬೇಕು, ಮಷಿನ್ನಿನೊಳಗೆ ಅದಕ್ಕಿಂತ ಕಡಿಮೆಯೇ ಆಗುತ್ತದೆ. ಬಟ್ಟೆಯಿಲ್ಲದ ಖಾಲಿ ಡ್ರಮ್ಮಿನಲ್ಲಿ ಹಾಕಿ ಬಿಸಿನೀರಿನಲ್ಲಿ ಒಮ್ಮೆ ತಿರುಗಿಸಬೇಕು. ಇದರ ಜೊತೆಗೆ ಬ್ಲೀಚಿಂಗ್ ದ್ರಾವಣವನ್ನು ಯಾವ ಕಾರಣಕ್ಕೂ ಸೇರಿಸಬಾರದು, ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ.

ಜೇವರ್ಗಿ ತಾಲ್ಲೂಕಿನ ರೈತ

ಇಲ್ಲಿ ಎಲ್ಲರೂ ಎರಡರ ಮಾತನ್ನೇ ಆಡುತ್ತಿದ್ದೀರಿ, ಅಕ್ಕನವರು ಇಷ್ಟು ವರ್ಷ ಬಳಸಿದ ಸೆಮಿ ಆಟೋಮ್ಯಾಟಿಕ್ಕಿನ ಗುಣವನ್ನು ಯಾರೂ ಎತ್ತಲಿಲ್ಲ. ನಮ್ಮದು ಎರೆಮಣ್ಣಿನ ಹೊಲ. ಮಳೆಗಾಲದಲ್ಲಿ ತೊಗರಿ ಹೊಲಕ್ಕೆ ಇಳಿದು ಬಂದವರ ಬಟ್ಟೆಯ ಮಣ್ಣು ಯಾವ ಆಟೋಮ್ಯಾಟಿಕ್ಕಿಗೂ ಸುಲಭವಾಗಿ ಬಗ್ಗುವುದಿಲ್ಲ. ನಾವು ಮೊದಲು ಬಾಲ್ದಿಯಲ್ಲಿ ನೆನೆಸಿ ಮಣ್ಣು ಬಿಡಿಸಿ, ಆಮೇಲೆ ಮಷಿನ್ನಿಗೆ ಹಾಕುತ್ತೇವೆ. ಒಂದೇ ಸಾಬೂನು ನೀರಿನಲ್ಲಿ ಮೊದಲು ಬಿಳಿ ಬಟ್ಟೆ, ಆಮೇಲೆ ಬಣ್ಣದ್ದು, ಕೊನೆಗೆ ಹೊಲದ ಬಟ್ಟೆ, ಹೀಗೆ ಸರದಿಯಲ್ಲಿ ಒಗೆಯಲು ಸೆಮಿ ಆಟೋಮ್ಯಾಟಿಕ್ಕಿನಲ್ಲಿ ಮಾತ್ರ ಸಾಧ್ಯ. ಕರೆಂಟ್ ನಡುವೆ ಹೋದರೂ ಬಟ್ಟೆ ತೆಗೆದು ಕೈಯಲ್ಲಿ ಹಿಂಡಬಹುದು, ನಳಕ್ಕೆ ಜೋಡಿಸದೆ ಕೊಡದಿಂದಲೂ ನೀರು ಸುರಿಯಬಹುದು. ಬೆಲೆಯೂ ಮೂರರಲ್ಲಿ ಕಡಿಮೆ.

ಸೇಡಂ ರಸ್ತೆ ನಿವಾಸಿ, ಕಲಬುರಗಿ

ಅಣ್ಣನವರೇ, ನೀವು ಹೇಳಿದ್ದು ನಿಜ, ನಾವೂ ಸರದಿಯಲ್ಲಿಯೇ ಒಗೆಯುತ್ತಿದ್ದೆವು. ಆದರೆ ಒದ್ದೆ ಬಟ್ಟೆಯನ್ನು ಒಂದು ತೊಟ್ಟಿಯಿಂದ ಇನ್ನೊಂದಕ್ಕೆ ಎತ್ತಿ ಹಾಕುವುದು ಅತ್ತೆಯವರಿಗೆ ಈಗ ಆಗುವುದಿಲ್ಲ. ಅದಕ್ಕಾಗಿಯೇ ಪೂರ್ತಿ ಆಟೋಮ್ಯಾಟಿಕ್ ನೋಡುತ್ತಿದ್ದೇವೆ.

ಉಪನ್ಯಾಸಕಿ ಮೇಡಂ ಅವರ ಲೆಕ್ಕ ಓದಿದ ಮೇಲೆ ನನ್ನ ಮನಸ್ಸು ಫ್ರಂಟ್ ಲೋಡಿನ ಕಡೆ ವಾಲಿದೆ. ಇನ್ನೆರಡು ಸಂಶಯಗಳಿವೆ. ಫ್ರಂಟ್ ಲೋಡಿಗೆ ನೀರಿನ ಒತ್ತಡ ಹೆಚ್ಚು ಬೇಕೆಂದು ಒಬ್ಬರು ಹೇಳಿದರು, ಟಾಕಿ ನೇರ ಮೇಲಿದ್ದರೆ ಒತ್ತಡ ಚೆನ್ನಾಗಿಯೇ ಇರುತ್ತದೆಯಲ್ಲವೇ? ಎರಡನೆಯದು, ಬಿಸಿನೀರು ಬಳಸಿದರೆ ಕರೆಂಟ್ ಬಿಲ್ ಎಷ್ಟು ಏರುತ್ತದೆ, ಗೃಹಜ್ಯೋತಿಯ ಮಿತಿ ದಾಟಿಹೋಗುತ್ತದೆಯೇ?

ಮಷಿನ್ ದುರಸ್ತಿಗಾರ, ಕಲಬುರಗಿ

ಅಕ್ಕನವರೇ, ಟಾಕಿ ನೇರ ಮೇಲಿರುವುದೇ ನಿಮ್ಮ ತೊಂದರೆ. ಒತ್ತಡ ಬರುವುದು ನೀರಿನ ಮಟ್ಟಕ್ಕೂ ಮಷಿನ್ನಿನ ನೀರಿನ ಬಾಯಿಗೂ ನಡುವಿನ ಎತ್ತರದಿಂದ. ಹತ್ತು ಮೀಟರ್ ಎತ್ತರಕ್ಕೆ ಸುಮಾರು ಒಂದು ಬಾರ್ ಒತ್ತಡ ಎಂದು ಲೆಕ್ಕ ಹಿಡಿಯಿರಿ. ಮೊದಲ ಮಹಡಿಯಲ್ಲಿ ಮಷಿನ್, ಅದರ ಮಾಳಿಗೆಯ ಮೇಲೆ ಟಾಕಿ ಎಂದರೆ ನಿಮಗೆ ಸಿಗುವುದು ಎರಡೂವರೆ, ಮೂರು ಮೀಟರ್ ಎತ್ತರ, ಅಂದರೆ 0.25ರಿಂದ 0.3 ಬಾರ್. ಟಾಕಿ ಅರ್ಧಕ್ಕೆ ಇಳಿದರೆ ಇನ್ನೂ ಕಡಿಮೆ. ಬಹಳಷ್ಟು ಫ್ರಂಟ್ ಲೋಡ್‌ಗಳ ಕೈಪಿಡಿಯಲ್ಲಿ ಕನಿಷ್ಠ ಒತ್ತಡ ಇದಕ್ಕಿಂತ ಮೇಲೆ ಬರೆದಿರುತ್ತದೆ. ಒತ್ತಡ ಸಾಲದಿದ್ದರೆ ನೀರು ಬರುತ್ತಿಲ್ಲ ಎಂಬ ಸೂಚನೆ ತೋರಿಸಿ ಮಷಿನ್ ನಿಂತುಬಿಡುತ್ತದೆ. ಅದೇ ನೆಲಮಹಡಿಯಲ್ಲಿ ಇಟ್ಟಿದ್ದರೆ ಇನ್ನೊಂದು ಮಹಡಿಯ ಎತ್ತರ ಸೇರಿ ಅನುಕೂಲವಾಗುತ್ತಿತ್ತು. ಟಾಪ್ ಲೋಡ್ ಕಡಿಮೆ ಒತ್ತಡದಲ್ಲೂ ನಿಧಾನವಾಗಿ ತುಂಬಿಕೊಂಡು ಕೆಲಸ ಮುಂದುವರಿಸುತ್ತದೆ. ಇಲ್ಲವಾದರೆ ಟಾಕಿಯ ಪೈಪಿಗೆ ಸಣ್ಣ ಪ್ರೆಶರ್ ಪಂಪ್ ಕೂರಿಸಬೇಕು, ಅದು ಬೇರೆ ಖರ್ಚು.

ಇನ್ನೊಂದು ವಿಚಾರ. ಸವಳು ನೀರಿಗೆಂದು ಮಷಿನ್ನಿನ ಪೈಪಿಗೆ ಸಿಕ್ಕಿಸುವ ಫಿಲ್ಟರ್ ಮಾರುತ್ತಾರೆ. ಅದೂ ಒತ್ತಡವನ್ನು ತಿನ್ನುತ್ತದೆ. ಮೊದಲೇ ಒತ್ತಡ ಕಡಿಮೆಯಿರುವ ಮನೆಯಲ್ಲಿ ಅದನ್ನು ಹಾಕಿದ ಮೇಲೆ ಮಷಿನ್ ತುಂಬುವುದೇ ಇಲ್ಲವೆಂದು ಕರೆಯುವವರು ಬಹಳ ಮಂದಿ ಇದ್ದಾರೆ.

ರಸಾಯನಶಾಸ್ತ್ರ ಉಪನ್ಯಾಸಕಿ, ಯಾದಗಿರಿ

ಆ ಫಿಲ್ಟರ್‌ಗಳ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಗಾಜಿನ ಗೋಲಿಯಂಥ ಪಾಲಿಫಾಸ್ಫೇಟ್ ಉಂಡೆಗಳಿರುವ ಫಿಲ್ಟರ್ ಗಡಸುತನವನ್ನು ತೆಗೆಯುವುದಿಲ್ಲ. ಲವಣಗಳು ಲೋಹಕ್ಕೆ ಅಂಟಿಕೊಳ್ಳುವುದನ್ನು ಅದು ತಡೆಯುತ್ತದೆ, ಅಷ್ಟೇ. ನೀರು ನಿಜವಾಗಿ ಮೆದುವಾಗಬೇಕಾದರೆ ಉಪ್ಪುನೀರಿನಿಂದ ಆಗಾಗ ಮರುಜೀವ ಕೊಡುವ ರಾಳದ ಸಾಫ್ಟನರ್ ಬೇಕು. ಅದರಲ್ಲಿ ಕ್ಯಾಲ್ಸಿಯಂ ಉಳಿದುಕೊಂಡು ಸೋಡಿಯಂ ನೀರಿಗೆ ಬರುತ್ತದೆ. ಅಂಗಡಿಯಲ್ಲಿ ಇವೆರಡನ್ನೂ ಒಂದೇ ಹೆಸರಿನಲ್ಲಿ ಮಾರುವುದನ್ನು ನೋಡಿದ್ದೇನೆ, ಕೊಳ್ಳುವಾಗ ಯಾವುದೆಂದು ಕೇಳಿ ತಿಳಿಯಬೇಕು.

ಹಾಗೆಯೇ ಟಿಡಿಎಸ್ ಮೀಟರ್ ಅದ್ದಿ ನೋಡಿ ನೀರು ಗಡಸು ಎಂದು ಹೇಳುವವರ ಮಾತನ್ನು ನಂಬಬೇಡಿ. ಅದು ಕರಗಿದ ಎಲ್ಲ ಲವಣಗಳ ಒಟ್ಟು ಮೊತ್ತವನ್ನು ಅಂದಾಜಿಸುತ್ತದೆ, ಅದರಲ್ಲಿ ಕ್ಯಾಲ್ಸಿಯಂ ಎಷ್ಟು ಎಂಬುದು ಗೊತ್ತಾಗುವುದಿಲ್ಲ. ನೀರಿಗೆ ಅದ್ದಿದರೆ ಬಣ್ಣ ತೋರಿಸುವ ಗಡಸುತನದ ಪರೀಕ್ಷಾ ಪಟ್ಟಿ ಅಥವಾ ಹನಿ ಹಾಕಿ ಎಣಿಸುವ ಕಿಟ್ ಬೇರೆಯೇ ಇರುತ್ತದೆ. ಹಳ್ಳಿಯಲ್ಲಿರುವವರಾದರೆ ಜಲ ಜೀವನ್ ಮಿಷನ್ ಅಡಿಯಲ್ಲಿ ಕೊಟ್ಟಿರುವ ನೀರು ಪರೀಕ್ಷೆಯ ಕಿಟ್ ಬಗ್ಗೆ ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಬಹುದು. ನಮ್ಮ ಯಾದಗಿರಿ ಕಡೆ ಜನರು ಫ್ಲೋರೈಡ್ ಬಗ್ಗೆ ಭಯಪಟ್ಟು ಬಟ್ಟೆಯ ಮಷಿನ್ನಿಗೂ ಅದರ ಸಂಬಂಧ ಕೇಳುತ್ತಾರೆ. ಅದು ಕುಡಿಯುವ ನೀರಿನ ತೊಂದರೆ, ಬಟ್ಟೆ ಒಗೆಯುವುದಕ್ಕೆ ಸಂಬಂಧವಿಲ್ಲ.

ವಿದ್ಯುತ್ ಕೆಲಸದವ, ಬೀದರ್

ಕರೆಂಟಿನ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಫ್ರಂಟ್ ಲೋಡ್ ಮುಖ್ಯ ಒಗೆತಕ್ಕೆ ತೆಗೆದುಕೊಳ್ಳುವ ನೀರು ಸುಮಾರು 15 ಲೀಟರ್ ಎಂದಿಟ್ಟುಕೊಳ್ಳಿ. ಅದನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು ಸುಮಾರು 0.6 ಯೂನಿಟ್ ಬೇಕು, 40 ಡಿಗ್ರಿಗೆ ನಿಲ್ಲಿಸಿದರೆ ಕಾಲು ಯೂನಿಟ್ ಸಾಕು. ಬಟ್ಟೆ ಮತ್ತು ಡ್ರಮ್ ಕೂಡ ಬಿಸಿಯಾಗಬೇಕಾದ್ದರಿಂದ ಸ್ವಲ್ಪ ಹೆಚ್ಚೇ ಹಿಡಿಯಿರಿ. ಮೋಟಾರು ತಿರುಗಲು ಬೇಕಾಗುವುದು ಇದರ ಮುಂದೆ ಬಹಳ ಕಡಿಮೆ. ವಾರಕ್ಕೆ ನಾಲ್ಕು ಸಲ 60 ಡಿಗ್ರಿಯಲ್ಲಿ ಒಗೆದರೂ ತಿಂಗಳಿಗೆ ಹದಿನೈದು ಯೂನಿಟ್ ಆಸುಪಾಸು, ತಣ್ಣೀರಿನಲ್ಲಿ ಒಗೆದರೆ ನಾಲ್ಕೈದು. ಗೃಹಜ್ಯೋತಿಯ ಮೇಲ್ಮಿತಿ 200 ಯೂನಿಟ್ ಎಂದು ಎಲ್ಲರೂ ಹೇಳುತ್ತಾರೆ, ಆದರೆ ಉಚಿತ ಸಿಗುವ ಪ್ರಮಾಣ ಪ್ರತಿ ಮನೆಗೂ ಬೇರೆ. ಬಿಲ್ಲಿನಲ್ಲಿ ನಿಮ್ಮ ಮನೆಗೆ ನಿಗದಿಯಾದ ಯೂನಿಟ್ ನೋಡಿಕೊಂಡು ಲೆಕ್ಕ ಹಾಕಿ.

ಇದಕ್ಕಿಂತ ಮುಖ್ಯವಾದದ್ದು ಸಾಕೆಟ್. 2000 ವಾಟ್ ಹೀಟರ್ 230 ವೋಲ್ಟಿನಲ್ಲಿ ಹತ್ತಿರ ಹತ್ತಿರ 9 ಆಂಪಿಯರ್ ಎಳೆಯುತ್ತದೆ. ಮಿಕ್ಸರ್ ಹಾಕುವ 6 ಆಂಪಿಯರ್ ಸಾಕೆಟ್ಟಿಗೆ ಇದನ್ನು ಜೋಡಿಸಿದರೆ ಪಿನ್ನು ಕರಗುತ್ತದೆ. 16 ಆಂಪಿಯರ್ ಸಾಕೆಟ್ಟನ್ನು, ಅದಕ್ಕೆ ತಕ್ಕ ದಪ್ಪ ವೈರಿನೊಂದಿಗೆ, ಪ್ರತ್ಯೇಕ ಎಂಸಿಬಿಯಿಂದ, ಅಂದರೆ ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್ಚಿನಿಂದ, ತರಬೇಕು. ನೀರು ಮತ್ತು ಕರೆಂಟ್ ಒಂದೇ ಡಬ್ಬಿಯಲ್ಲಿ ಇರುವ ಯಂತ್ರವಿದು. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿ ಒಣಗಿ ನಿಷ್ಪ್ರಯೋಜಕವಾಗಿರುತ್ತದೆ, ಅದಕ್ಕೆ ನೀರು ಹಾಕಿಸಿ ಪರೀಕ್ಷಿಸದೆ ಮಷಿನ್ ಚಾಲೂ ಮಾಡಬೇಡಿ. ಭೂಸೋರಿಕೆ ಕಂಡೊಡನೆ ಕರೆಂಟ್ ಕಡಿಯುವ ಸ್ವಿಚ್ ಕೂರಿಸುವುದಕ್ಕೆ ಖರ್ಚು ಮಾಡಿ ಎಂದು ಕೈ ಮುಗಿದು ಕೇಳುತ್ತೇನೆ.

ಬೀದರ್ ಓದುಗ

ಒತ್ತಡದ ವಿಚಾರ ನನಗೆ ಹೊಳೆದಿರಲಿಲ್ಲ, ನಮ್ಮದು ನೆಲಮಹಡಿಯಲ್ಲಿದೆ. ಆದರೂ ಹಿರಿಯರ ಅನುಕೂಲದ ಬಗ್ಗೆ ಹೇಳಬೇಕಾದದ್ದಿದೆ. ಫ್ರಂಟ್ ಲೋಡಿನ ಬಾಗಿಲು ಮೊಣಕಾಲಿನ ಮಟ್ಟದಲ್ಲಿರುತ್ತದೆ, ಒದ್ದೆ ಬಟ್ಟೆ ತೆಗೆಯಲು ಕುಕ್ಕರಗಾಲಲ್ಲಿ ಕೂರಲೇಬೇಕು. ನಮ್ಮ ತಾಯಿಯವರು ಒಂದು ಸಣ್ಣ ಸ್ಟೂಲ್ ಹಾಕಿಕೊಂಡು ಕೂತು ತೆಗೆಯುತ್ತಾರೆ. ಟಾಪ್ ಲೋಡಿನಲ್ಲಿ ನಿಂತೇ ಹಾಕಿ ನಿಂತೇ ತೆಗೆಯಬಹುದು, ಆದರೆ ಡ್ರಮ್ ಆಳವಾಗಿರುವುದರಿಂದ ಗಿಡ್ಡ ಇರುವವರಿಗೆ ತಳದಲ್ಲಿ ಉಳಿದ ಕಾಲುಚೀಲ ಎಟುಕುವುದು ಕಷ್ಟ. ಅತ್ತೆಯವರನ್ನು ಅಂಗಡಿಗೆ ಕರೆದುಕೊಂಡು ಹೋಗಿ ಎರಡಕ್ಕೂ ಕೈ ಹಾಕಿಸಿ ನೋಡಿ.

ಕರೆಂಟ್ ಹೋದಾಗ ಫ್ರಂಟ್ ಲೋಡಿನ ಬಾಗಿಲು ತಕ್ಷಣ ತೆಗೆಯಲು ಬರುವುದಿಲ್ಲ, ಒಳಗೆ ನೀರಿದ್ದರೆ ಕೆಳಗಿನ ಸಣ್ಣ ಮುಚ್ಚಳದ ಹಿಂದಿನ ಫಿಲ್ಟರಿನ ಕಡೆಯಿಂದ ಅದನ್ನು ಬಿಡಬೇಕು. ಈಗಿನ ಬಹಳಷ್ಟು ಮಷಿನ್‌ಗಳು ಕರೆಂಟ್ ಮರಳಿದ ಮೇಲೆ ನಿಂತಲ್ಲಿಂದ ಮುಂದುವರಿಯುತ್ತವೆ. ಸಮಯದ ವಿಷಯದಲ್ಲಿ ಮಾತ್ರ ಟಾಪ್ ಲೋಡ್ ಮುಂದು. ಅದರ ಒಂದು ಗಂಟೆಯ ಕೆಲಸಕ್ಕೆ ಫ್ರಂಟ್ ಲೋಡಿನ ಹತ್ತಿ ಬಟ್ಟೆಯ ಪೂರ್ಣ ಕ್ರಮ ಎರಡು ಗಂಟೆಯ ಮೇಲೂ ನಡೆಯುತ್ತದೆ.

ಮಷಿನ್ ದುರಸ್ತಿಗಾರ, ಕಲಬುರಗಿ

ನೆಲದ ಬಗ್ಗೆ ಯಾರೂ ಕೇಳಲಿಲ್ಲ, ಆದರೆ ನಮ್ಮ ಊರಿನ ಮನೆಗಳಿಗೆ ಅದು ಮುಖ್ಯ. ಹಿತ್ತಲಿಗೆ, ಬಚ್ಚಲಿಗೆ ಹಾಕಿರುವುದು ಹೆಚ್ಚಾಗಿ ಶಹಾಬಾದ್ ಫರಸಿ. ಹೊಳಪು ಮಾಡದ ಆ ಕಲ್ಲಿನ ಮೈ ಸಮವಿರುವುದಿಲ್ಲ, ಕೆಲವೆಡೆ ಕಲ್ಲಿನ ಕೆಳಗೆ ಪೊಳ್ಳು ಇರುತ್ತದೆ, ಜೊತೆಗೆ ನೀರು ಹರಿಯಲೆಂದು ಇಳಿಜಾರು ಕೊಟ್ಟಿರುತ್ತಾರೆ. ಫ್ರಂಟ್ ಲೋಡ್ 60 ಕಿಲೋ ಮೇಲೆ ತೂಗುತ್ತದೆ, ನಡುಕ ತಡೆಯಲೆಂದೇ ಅದರೊಳಗೆ ಕಾಂಕ್ರೀಟ್ ತುಂಡು ಕಟ್ಟಿರುತ್ತಾರೆ, ಹಿಂಡುವಾಗ ನಿಮಿಷಕ್ಕೆ 1000ದಿಂದ 1400 ಸುತ್ತು ತಿರುಗುತ್ತದೆ. ಟಾಪ್ ಲೋಡಿನದು 700ರ ಸುಮಾರು. ಸಮವಿಲ್ಲದ ಫರಸಿಯ ಮೇಲೆ, ಅದರಲ್ಲೂ ಚಕ್ರದ ಸ್ಟ್ಯಾಂಡಿನ ಮೇಲೆ, ಫ್ರಂಟ್ ಲೋಡ್ ಇಟ್ಟರೆ ಅದು ನಡೆಯುತ್ತದೆ, ಬೇರಿಂಗ್ ಬೇಗ ಹೋಗುತ್ತದೆ. ಮಷಿನ್ ಬರುವ ಮೊದಲೇ ಆ ಜಾಗದಷ್ಟು ಸಿಮೆಂಟ್ ಕಟ್ಟೆ ಮಾಡಿಸುವುದು ಒಳ್ಳೆಯದು. ನಮ್ಮ ಬಿಸಿಲಿಗೆ 1400 ಸುತ್ತಿನ ಹಿಂಡಿಕೆ ವರ್ಷದ ಬಹುಭಾಗ ಬೇಕಾಗುವುದೂ ಇಲ್ಲ, ಶ್ರಾವಣದ ಜಿಟಿಜಿಟಿ ಮಳೆಯ ದಿನಗಳಲ್ಲಿ ಮಾತ್ರ ಅದರ ಬೆಲೆ ಗೊತ್ತಾಗುತ್ತದೆ.

ಕೌದಿಯನ್ನು ದಯವಿಟ್ಟು ಯಾವ ಮಷಿನ್ನಿಗೂ ಹಾಕಬೇಡಿ. ಮಷಿನ್ನಿನ ಮೇಲೆ ಬರೆದಿರುವ ಕಿಲೋ ಒಣಬಟ್ಟೆಯ ತೂಕ. ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದ ಕೌದಿ ನೀರು ಕುಡಿದು ಒಂದೇ ಕಡೆ ಮುದ್ದೆಯಾಗಿ ಕೂರುತ್ತದೆ. ಹಿಂಡುವಾಗ ತೂಕ ಒಂದು ಬದಿಗೆ ಬಿದ್ದು ಫ್ರಂಟ್ ಲೋಡಾದರೆ ನಿಂತುಬಿಡುತ್ತದೆ, ಟಾಪ್ ಲೋಡಾದರೆ ಡ್ರಮ್ ಡಬ್ಬಿಗೆ ಬಡಿಯುತ್ತದೆ.

ಸೇಡಂ ರಸ್ತೆ ನಿವಾಸಿ, ಕಲಬುರಗಿ

ಎಲ್ಲರ ಉತ್ತರಗಳನ್ನೂ ಮನೆಯವರಿಗೆ ಓದಿ ಹೇಳಿದೆ. ಪರೀಕ್ಷಾ ಪಟ್ಟಿ ತರಿಸಿ ನೋಡಿದಾಗ ನಮ್ಮ ಬೋರ್ ನೀರಿನ ಗಡಸುತನ 500ರ ಹತ್ತಿರದ ಬಣ್ಣ ತೋರಿಸಿತು, ಅಂದರೆ ಮೇಡಂ ಅವರು ಊಹಿಸಿದಷ್ಟೇ. ಟಾಕಿಯ ತಳದಿಂದ ಮಷಿನ್ನಿನ ನೀರಿನ ಬಾಯಿಗೆ ಅಳೆದರೆ ಎರಡೂವರೆ ಮೀಟರೂ ಇಲ್ಲ. ಕೆಳಗಿನ ಮಹಡಿಯಲ್ಲಿ ಜಾಗ ಮಾಡಲು ಆಗುವುದಿಲ್ಲ. ಪ್ರೆಶರ್ ಪಂಪ್, ಹೊಸ ಸಾಕೆಟ್ಟಿನ ವೈರಿಂಗ್, ಕಟ್ಟೆ, ಸಾಫ್ಟನರ್ ಇವೆಲ್ಲ ಸೇರಿದರೆ ನಮ್ಮ ಮಿತಿ ದಾಟುತ್ತದೆ. ಅಂಗಡಿಯಲ್ಲಿ ಅತ್ತೆಯವರು ಟಾಪ್ ಲೋಡಿಗೆ ಕೈ ಹಾಕಿ ನೋಡಿ, ತಳ ಎಟುಕುತ್ತದೆ, ಇದೇ ಇರಲಿ ಎಂದರು. ಆದ್ದರಿಂದ ಹೀಟರ್ ಇಲ್ಲದ ಟಾಪ್ ಲೋಡ್ ತೆಗೆದುಕೊಳ್ಳಲು ನಿರ್ಧರಿಸಿದ್ದೇವೆ. ಮಕ್ಕಳ ಸಮವಸ್ತ್ರ ಬೂದಿಬಣ್ಣಕ್ಕೆ ತಿರುಗದಂತೆ ಏನು ಮಾಡಬೇಕು ಎಂಬುದೊಂದು ಉಳಿದಿದೆ.

ರಸಾಯನಶಾಸ್ತ್ರ ಉಪನ್ಯಾಸಕಿ, ಯಾದಗಿರಿ

ನಿಮ್ಮ ಮನೆಗೆ ಇದು ಸರಿಯಾದ ಆಯ್ಕೆ ಎಂದು ಈಗ ನಾನೂ ಒಪ್ಪುತ್ತೇನೆ. ನೀರಿನ ವೆಚ್ಚದ ಬಗ್ಗೆ ಮಾತ್ರ ನನ್ನ ಅಭಿಪ್ರಾಯ ಬದಲಾಗಿಲ್ಲ. ಬೋರ್ ನೀರೆಂದರೆ ಎಲ್ಲರ ನೀರು. ಕೊನೆಯ ಜಾಲಿಕೆಯ ನೀರು ಬಹುಮಟ್ಟಿಗೆ ತಿಳಿಯಾಗಿರುತ್ತದೆ, ಹೊರಬಿಡುವ ಪೈಪನ್ನು ಆ ಹೊತ್ತಿಗೆ ಒಂದು ಡ್ರಮ್ಮಿಗೆ ತಿರುಗಿಸಿದರೆ ಅಂಗಳ ತೊಳೆಯಲು, ಮುಂದಿನ ಸಲದ ಚಾದರ ನೆನೆಸಲು ಆಗುತ್ತದೆ. ಬಟ್ಟೆಗೆ ತಕ್ಕಂತೆ ನೀರಿನ ಮಟ್ಟ ಆರಿಸುವ ಸೌಲಭ್ಯ ಟಾಪ್ ಲೋಡಿನಲ್ಲಿ ಇರುತ್ತದೆ, ಅರ್ಧ ಬಟ್ಟೆಗೆ ತುಂಬು ನೀರು ಹಾಕಬೇಡಿ.

ಸಮವಸ್ತ್ರಕ್ಕೆ ಒಂದು ಉಪಾಯವಿದೆ. ನಳದ ನೀರು ಬಂದ ದಿನ ಬಿಳಿ ಬಟ್ಟೆ ಒಗೆಯುವ ರೂಢಿ ಮಾಡಿಕೊಳ್ಳಿ. ಭೀಮಾ ಅಥವಾ ಬೆಣ್ಣೆತೊರೆಯ ನೀರು ನಿಮ್ಮ ಬೋರ್ ನೀರಿಗಿಂತ ಮೆದುವೇ ಇರಬೇಕು, ಪಟ್ಟಿ ಉಳಿದಿದ್ದರೆ ಒಮ್ಮೆ ಅದನ್ನೂ ಅದ್ದಿ ನೋಡಿ. ಬಟ್ಟೆಗೆ ಬಾರ್ ಸಾಬೂನು ಉಜ್ಜಿ ಮಷಿನ್ನಿಗೆ ಹಾಕುವುದನ್ನು ನಿಲ್ಲಿಸಿ, ಗಡಸು ನೀರಿನಲ್ಲಿ ನೂಲಿಗೆ ಅಂಟುವ ಜಿಡ್ಡು ಹೆಚ್ಚಾಗಿ ಆಗುವುದು ಸಾಬೂನಿನಿಂದ, ಡಿಟರ್ಜೆಂಟಿನಿಂದ ಅದು ಕಡಿಮೆ. ಪುಡಿಯನ್ನು ಮೊದಲು ಒಂದು ತಂಬಿಗೆ ಬಿಸಿನೀರಿನಲ್ಲಿ ಕರಗಿಸಿ ಹಾಕಿ, ತಣ್ಣೀರಿನಲ್ಲಿ ಕರಗದ ಪುಡಿಯೂ ಬಟ್ಟೆಯಲ್ಲೇ ಉಳಿಯುತ್ತದೆ.

ಮಷಿನ್ ದುರಸ್ತಿಗಾರ, ಕಲಬುರಗಿ

ಮಷಿನ್ ಮನೆಗೆ ಬಂದ ದಿನ ಡ್ರಮ್ ಅಲುಗದಂತೆ ಸಾಗಾಟಕ್ಕೆಂದು ಇಟ್ಟ ತುಂಡುಗಳನ್ನು ಪೂರ್ತಿ ತೆಗೆದಿದ್ದಾರೆಯೇ ನೋಡಿ. ನಾಲ್ಕೂ ಕಾಲು ನೆಲಕ್ಕೆ ತಾಗುವಂತೆ ತಿರುಗಿಸಿ, ಮಟ್ಟಗೋಲು ಇಟ್ಟು ಸರಿಮಾಡಿಸಿ. ನೀರಿನ ಪೈಪ್ ಸೇರುವ ಬಾಯಲ್ಲಿ ಸಣ್ಣ ಜಾಲರಿ ಇರುತ್ತದೆ, ಬೋರ್ ನೀರಿನ ಮರಳು ಅಲ್ಲಿ ಸಿಕ್ಕಿಕೊಂಡರೆ ಮಷಿನ್ ತುಂಬಲು ಹೊತ್ತಾಗುತ್ತದೆ, ನಳ ಬಂದ್ ಮಾಡಿ ಅದನ್ನು ಬಿಚ್ಚಿ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತೊಳೆಯಬಹುದು. ನೂಲಿನ ಧೂಳು ಹಿಡಿಯುವ ಚೀಲವನ್ನು ಪ್ರತಿ ಸಲ ಖಾಲಿ ಮಾಡಿ. ಒಗೆದ ಮೇಲೆ ಮುಚ್ಚಳವನ್ನು ಸ್ವಲ್ಪ ಹೊತ್ತು ತೆರೆದಿಡಿ, ತಿಂಗಳಿಗೊಮ್ಮೆ ಬಿಸಿನೀರು ಹೊರಗಿನಿಂದ ಸುರಿದು, ಮೇಡಂ ಹೇಳಿದ ನಿಂಬೆ ಉಪ್ಪು ಹಾಕಿ ಖಾಲಿ ತಿರುಗಿಸಿ. ಸುರಿಯುವ ನೀರು ಕುದಿಯುತ್ತಿರಬಾರದು, ಒಳಗೆ ಪ್ಲಾಸ್ಟಿಕ್ ಭಾಗಗಳಿರುತ್ತವೆ.